ಬಲಗಡೆಯ ಹೂ

ಪುಟ್ಟೇನಹಳ್ಳಿ ಕೆರೆಯ ಹಿಂದಿನ ಬೀದಿಯಲ್ಲಿ ಮುನಿವೆಂಕಟಯ್ಯನವರ ಮನೆ ಯಾವುದೆಂದು ಕೇಳಿದರೆ ಯಾರು ಬೇಕಾದರೂ ತೋರಿಸುತ್ತಾರೆ. ಅವರಪ್ಪ ರಾಗಿ, ಅವರೆ ಬೆಳೆದ ನೆಲದಲ್ಲಿ ಅವರು ಬಾಡಿಗೆ ಮನೆಗಳನ್ನು ಬೆಳೆದಿದ್ದಾರೆ. ಅವರ ಒಬ್ಬಳೇ ಮಗಳು ಚೈತ್ರ, ಎಂಬಿಬಿಎಸ್ ಎರಡನೇ ವರ್ಷ. ಅವಳಿಗೆ ಸ್ವಂತ ರೂಮಿತ್ತು, ಸ್ವಂತ ಸ್ಕೂಟರಿತ್ತು, ತಾಯಿಯಿಲ್ಲದ ಮಗು ಎಂದು ಅಂಗೈಯಲ್ಲಿಟ್ಟುಕೊಂಡು ಸಾಕಿದ ಅಜ್ಜಿ ಅಂಜಿನಮ್ಮ ಇದ್ದರು. ಇಲ್ಲದೆ ಇದ್ದದ್ದು ನೆಮ್ಮದಿ ಒಂದೇ. ಅದನ್ನು ಕದ್ದವಳು ಅದೇ ಮನೆಯ ಕೆಳಗಿನ ಅಂತಸ್ತಿನಲ್ಲಿ ಬಾಡಿಗೆಗಿದ್ದಳು.

ಆ ಕಳ್ಳಿಯ ಹೆಸರು ರಮಾ. ಅಪ್ಪ ಸಿದ್ರಾಮಪ್ಪ ಯಶವಂತಪುರದ ಈರುಳ್ಳಿ ಮಂಡಿಯಲ್ಲಿ ಗುಮಾಸ್ತ. ಇಬ್ಬರು ಹುಡುಗಿಯರೂ ಒಂದೇ ಸ್ಕೂಲು, ಒಂದೇ ಪಿಯುಸಿ, ಈಗ ತುಮಕೂರು ರಸ್ತೆಯ ಕಡೆಯ ಒಂದೇ ಮೆಡಿಕಲ್ ಕಾಲೇಜು. ರಮಾಳಿಗೆ ರ‍್ಯಾಂಕಿನಿಂದ ಸೀಟು ಸಿಕ್ಕಿತು. ಚೈತ್ರಳಿಗೆ ಸಿಕ್ಕಿದ್ದು ಕೆರೆ ಕೆಳಗಿನ ತೋಟ ಮಾರಿದ ಮೇಲೆ. ಈ ವಿಷಯವನ್ನು ರಮಾ ಒಂದು ದಿನವೂ ಎತ್ತಲಿಲ್ಲ. ಎತ್ತಿದ್ದರೆ ಒಂದು ಜಗಳವಾಡಿ ಮುಗಿಸಿಬಿಡಬಹುದಿತ್ತು.

ಹೊಟ್ಟೆಕಿಚ್ಚಿನಲ್ಲೂ ತರಾವರಿ ಇದೆ. ಇದ್ದವರನ್ನು ಕಂಡು ಇಲ್ಲದವರು ಪಡುವುದು ಒಂದು ಬಗೆ; ಅದನ್ನು ಜನ ಅಷ್ಟು ತಪ್ಪು ತಿಳಿಯುವುದಿಲ್ಲ, ಪಾಪ ಎನ್ನುತ್ತಾರೆ. ಇಲ್ಲದವರನ್ನು ಕಂಡು ಇದ್ದವರು ಪಡುವ ಹೊಟ್ಟೆಕಿಚ್ಚಿಗೆ ಆ ಸವಲತ್ತೂ ಇಲ್ಲ, ಯಾರ ಮುಂದೆ ಹೇಳಿಕೊಂಡರೂ ನಗೆಪಾಟಲು. ಚೈತ್ರ ಪಾಪ ಅದನ್ನು ಒಳಗೊಳಗೇ ನುಂಗಿ ಬೆಳೆದಳು. ರಮಾ ತಲೆಗೆ ಎಣ್ಣೆ ಹಚ್ಚಿಕೊಂಡರೆ ಇವಳಿಗೂ ಎಣ್ಣೆ ಬೇಕು. ರಮಾ ಸಂಗೀತಕ್ಕೆ ಸೇರಿದರೆ ಇವಳೂ ಸೇರಬೇಕು, ಅವಳು ಬಿಟ್ಟ ವಾರವೇ ಇವಳ ಗಂಟಲು ಕಟ್ಟಬೇಕು. ಹಾಗಂತ ಅವರಿಬ್ಬರೂ ಶತ್ರುಗಳೇನಲ್ಲ. ದಿನಾ ಒಂದೇ ಸ್ಕೂಟರಿನಲ್ಲಿ ಕಾಲೇಜಿಗೆ ಹೋಗುತ್ತಿದ್ದರು, ಒಂದೇ ಡಬ್ಬಿಯಿಂದ ಚಿತ್ರಾನ್ನ ತಿನ್ನುತ್ತಿದ್ದರು. ರಮಾಳಿಗಿಂತ ಹತ್ತಿರದ ಸ್ನೇಹಿತೆ ಚೈತ್ರಳಿಗೆ ಬೇರೆ ಯಾರೂ ಇರಲಿಲ್ಲ.

ಇಷ್ಟು ವರ್ಷದಲ್ಲಿ ಚೈತ್ರಳಿಗೆ ತನ್ನದೇ ಎನ್ನುವ ಒಂದು ಆಸೆ ಹುಟ್ಟಿದ್ದು ಆ ಜನವರಿಯಲ್ಲಿ.

ಗಂಗಾನಗರದಿಂದ ಡಾಕ್ಟರ್ ಶಾಂತಲಾ ಎಂಬುವರು ಕಾಲೇಜಿಗೆ ಉಪನ್ಯಾಸ ಕೊಡಲು ಬಂದಿದ್ದರು. ಅಲ್ಲಿ ಒಂದು ಹಲ್ಲಿನ ಕ್ಲಿನಿಕ್ಕಿನ ಮೇಲೆ ಅವರದೊಂದು ಪುಟ್ಟ ಲ್ಯಾಬು. ವಯಸ್ಸಾದವರ ಮೂಗಿನ ಮೇಲೆ ಅವರ ಸಂಶೋಧನೆ. ಕೈ ನಡುಗುವ ಕಾಯಿಲೆ, ಮರೆವಿನ ಕಾಯಿಲೆ ಇವೆಲ್ಲ ಕಾಣಿಸಿಕೊಳ್ಳುವ ಎಷ್ಟೋ ವರ್ಷ ಮೊದಲೇ ಕೆಲವರಿಗೆ ವಾಸನೆ ಹೋಗಿಬಿಡುತ್ತದೆ, ಯಾರೂ ಗಮನಿಸುವುದಿಲ್ಲ ಎಂದು ಅವರು ಹೇಳಿದರು. ಪರೀಕ್ಷೆಗೆಂದು ಹೊರದೇಶದಿಂದ ತರಿಸಿದ ಪುಟ್ಟ ಸೀಸೆಗಳನ್ನು ಕ್ಲಾಸಿನಲ್ಲಿ ಹಂಚಿದರು. ಎಲ್ಲರೂ ಮೂಸಿದರು, ಎಲ್ಲರೂ ತಪ್ಪು ಹೇಳಿದರು, ರಮಾ ಕೂಡ. ಚೈತ್ರ ಮಾತ್ರ ಒಂದೊಂದನ್ನೂ ಸರಿಯಾಗಿ ಹೇಳಿದಳು.

"ನಿಮ್ಮ ಮೂಗು ನನಗೆ ಬೇಕಲ್ಲಾ," ಎಂದು ಡಾಕ್ಟರ್ ನಕ್ಕರು. "ಆದ್ರೆ ನೋಡಿ, ಈ ಸೀಸೆಗಳದ್ದೇ ನನಗೆ ತೊಂದ್ರೆ. ಯಲಹಂಕದ ಕಡೆ ಹಳೇ ಹಳ್ಳಿಗಳಲ್ಲಿ ಅಜ್ಜಿ ತಾತಂದಿರಿಗೆ ಇದನ್ನ ಹಿಡಿದ್ರೆ ಗೊತ್ತಿಲ್ಲ ಅಂತಾರೆ. ಮೂಗು ಹೋಗಿದ್ಯೋ, ಆ ಹಣ್ಣನ್ನೇ ಕಂಡಿಲ್ವೋ, ಹೇಗೆ ತಿಳಿಯೋದು? ನಮ್ಮ ಜನಕ್ಕೆ ನಮ್ಮ ವಾಸನೆಗಳೇ ಬೇಕು."

"ಅವರೆಕಾಯಿ ಸೊಗಡು ಇಡಿ ಮೇಡಂ," ಎಂದು ಚೈತ್ರ ಯೋಚಿಸದೆ ಕೂಗಿಬಿಟ್ಟಳು. "ನಮ್ಮ ಕಡೆ ಅದು ಗೊತ್ತಿಲ್ದೇ ಇರೋರೇ ಇಲ್ಲ."

ಕ್ಲಾಸು ನಕ್ಕಿತು. ಡಾಕ್ಟರ್ ನಗಲಿಲ್ಲ. "ಬೇಸಿಗೇಲಿ ನನ್ನ ಲ್ಯಾಬಿಗೆ ಬರ್ತೀರಾ?" ಎಂದು ಕೇಳಿದರು.

ಅವತ್ತು ಗೊರಗುಂಟೆಪಾಳ್ಯದ ಸಿಗ್ನಲ್ಲಿನಿಂದ ಪುಟ್ಟೇನಹಳ್ಳಿಯವರೆಗೂ ಚೈತ್ರ ಬಾಯಿ ಮುಚ್ಚಲಿಲ್ಲ. ಹುಣಸೆಹಣ್ಣು, ಇಂಗು, ಸೀಮೆಎಣ್ಣೆ, ಸಾಂಬ್ರಾಣಿ, ಯಾವ ಯಾವ ಸೀಸೆ ಮಾಡಬಹುದು ಎಂದು ಹಿಂದೆ ಕೂತ ರಮಾಳಿಗೆ ಹೇಳಿದ್ದೇ ಹೇಳಿದ್ದು. ರಮಾ "ಸೂಪರ್ ಕಣೇ, ಇದು ನಿಂಗೇ ಅಂತ ಮಾಡಿದಂಗಿದೆ" ಎಂದಳು. ರಮಾಳ ಮಾತು ಕೇಳಿ ಹೊಟ್ಟೆ ತಣ್ಣಗಾಗಿದ್ದು ಅದೇ ಮೊದಲು.

ಅದಾದ ಒಂದೆರಡು ವಾರಕ್ಕೆ ಅಂಜಿನಮ್ಮ ಗಾಡಿಯವನ ಹತ್ತಿರ ಅವರೆಕಾಯಿ ಕೊಂಡರು. ಅಜ್ಜಿ ಅವರೆಕಾಯಿ ಕೊಳ್ಳುವುದೆಂದರೆ ಬೀದಿಗೇ ಗೊತ್ತು. ಒಂದು ಹಿಡಿ ಎತ್ತಿ ಮೂಗಿಗೆ ಹಿಡಿದು, ಸೊಗಡಿಲ್ಲದಿದ್ದರೆ ಗಾಡಿಯನ್ನೇ ಮುಂದೆ ತಳ್ಳಿಸುವ ಹೆಂಗಸು. ಅವತ್ತೂ ಮೂಗಿಗೆ ಹಿಡಿದರು, "ಗಮ್ ಅಂತದೆ ನೋಡು ಮಗ" ಎಂದು ಮೊರದ ತುಂಬ ತಂದರು. ಆ ಕಾಯಿಯಲ್ಲಿ ಸೊಗಡಿನ ಸುಳಿವೂ ಇರಲಿಲ್ಲ. ರಾತ್ರಿ ಸಾರು ಸಪ್ಪಗಿತ್ತು. ಮುನಿವೆಂಕಟಯ್ಯ "ಅವ್ವಂಗೆ ವಯಸ್ಸಾಯ್ತು" ಎಂದು ನಕ್ಕು ಊಟ ಮುಗಿಸಿದರು. ಚೈತ್ರಳಿಗೆ ನಗು ಬರಲಿಲ್ಲ. ಹಾಲು ಸೀದರೂ ಅಜ್ಜಿ ಏಳದೆ ಕೂತಿದ್ದ ಮೊನ್ನೆಯ ಬೆಳಗು ನೆನಪಾಯಿತು. ಅಜ್ಜಿ ಈಗೀಗ ನಡೆಯುವಾಗ ಬಲಗೈ ಬೀಸುವುದಿಲ್ಲ ಎನ್ನುವುದೂ ಕಣ್ಣಿಗೆ ಬಿತ್ತು; ಕೈ ನಡುಗುವ ಕಾಯಿಲೆ ಕೆಲವರಲ್ಲಿ ಹಾಗೂ ಶುರುವಾಗುತ್ತದೆಂದು ಓದಿದ್ದಳು.

ಮಾರನೆಯ ದಿನ ಅವಳೇ ಯಲಹಂಕದ ಸಂತೆಗೆ ಹೋಗಿ ಸೊಗಡು ಕೈಗಂಟುವಂಥ ಕಾಯಿ ಹುಡುಕಿ ತಂದಳು. ಬೇಸಿಗೆಯಲ್ಲಿ ಲ್ಯಾಬಿಗೆ ಸೀಸೆ ಮಾಡುವಾಗ ಅವರೆ ಸಿಗುವುದಿಲ್ಲವಲ್ಲ, ಆದ್ದರಿಂದ ಎರಡು ಕವರಿನಲ್ಲಿ ಬಿಗಿಯಾಗಿ ಕಟ್ಟಿ ಫ್ರೀಜರಿನಲ್ಲಿಟ್ಟಳು. ಕಾಯಿ ಇಟ್ಟಿರುವುದನ್ನು ರಮಾಳಿಗೆ ಹೇಳಿದಳು. ಅಜ್ಜಿಯ ವಿಷಯ ಹೇಳಲಿಲ್ಲ. ಮೊದಲು ಶಾಂತಲಾ ಮೇಡಂ ಹತ್ತಿರ ಕಲಿಯೋಣ, ಆಮೇಲೆ ನಾನೇ ಸರಿಯಾಗಿ ಪರೀಕ್ಷೆ ಮಾಡಿ ಅಪ್ಪನಿಗೆ ಹೇಳೋಣ ಎಂದುಕೊಂಡಳು.

ಇಲ್ಲಿಗೆ ಎಲ್ಲ ಸರಿಯಾಗಿಯೇ ಇತ್ತು. ಕೆಡಿಸಿದ್ದು ಒಂದು ಟ್ರಾಫಿಕ್ ಸಿಗ್ನಲ್ಲು.

ಮಾರ್ಚಿನಲ್ಲಿ ಕಾಲೇಜು ಬೇಸಿಗೆ ಲ್ಯಾಬುಗಳ ಹೆಸರು ಪ್ರಕಟಿಸಿತು. ಒಂದು ಲ್ಯಾಬಿಗೆ ಒಬ್ಬರೇ, ಒಬ್ಬರಿಗೆ ಒಂದೇ ಲ್ಯಾಬು. ಸೋಮವಾರ ಬೆಳಗ್ಗೆ ಫಿಸಿಯಾಲಜಿಯ ಗೌರಮ್ಮ ಮೇಡಂ ಹತ್ತಿರ ಯಾರು ಮೊದಲು ಹೋಗಿ ಹೆಸರು ಹೇಳುತ್ತಾರೋ ಅವರಿಗೆ. ಆ ಸಂಜೆ ಗೊರಗುಂಟೆಪಾಳ್ಯದಲ್ಲಿ ಲಾರಿಗಳ ನಡುವೆ ಸಿಕ್ಕಿಕೊಂಡಿದ್ದಾಗ ರಮಾ ಹಿಂದಿನಿಂದ ಹೇಳಿದಳು:

"ನಾನು ವೆಂಕಟರಾಮಯ್ಯ ಸರ್ ಲ್ಯಾಬ್ ನೋಡೋಣ ಅಂತಿದೀನಿ ಕಣೇ. ಕ್ಯಾನ್ಸರ್‌ದು. ಬಳ್ಳಾರಿ ರೋಡಲ್ಲಿ ಇದೆಯಲ್ಲ, ಗಾಜಿನ ಬಿಲ್ಡಿಂಗು."

ಅಷ್ಟೇ ಮಾತು. ಚೈತ್ರಳ ಹೊಟ್ಟೆಯೊಳಗೆ ಯಾರೋ ಕಡ್ಡಿ ಗೀರಿದರು. ವೆಂಕಟರಾಮಯ್ಯ ಎಂದರೆ ಪೇಪರಿನಲ್ಲಿ ಫೋಟೋ ಬರುವ ವಿಜ್ಞಾನಿ. ಕ್ಯಾನ್ಸರ್ ಎಂದರೆ ಯಾರ ಮುಂದೆ ಹೇಳಿದರೂ ಕಣ್ಣರಳಿಸುತ್ತಾರೆ. ಇವಳು ಹೋಗುವುದೆಲ್ಲಿಗೆ? ಹಲ್ಲಿನ ಕ್ಲಿನಿಕ್ಕಿನ ಮೇಲಕ್ಕೆ, ಮುದುಕರಿಗೆ ಇಂಗು ಮೂಸಿಸುವುದಕ್ಕೆ! ಇಷ್ಟು ದಿನ ಎದೆಯಲ್ಲಿಟ್ಟುಕೊಂಡು ಮುದ್ದಿಸಿದ ಲ್ಯಾಬು ಸಿಗ್ನಲ್ಲು ಹಸಿರಾಗುವಷ್ಟರಲ್ಲಿ ದಿನಸಿ ಅಂಗಡಿಯಾಗಿ ಹೋಯಿತು. ಅಂಥ ಲ್ಯಾಬನ್ನು ರಮಾ "ನಿಂಗೇ ಅಂತ ಮಾಡಿದಂಗಿದೆ" ಎಂದದ್ದು ಹೊಗಳಿಕೆಯೋ ಹೀಯಾಳಿಕೆಯೋ ಎಂಬ ಅನುಮಾನವೂ ಆಗಲೇ ಶುರುವಾಯಿತು.

"ನೀನು ಶಾಂತಲಾ ಮೇಡಂ ಹತ್ರ ತಾನೆ?" ಎಂದಳು ರಮಾ.

"ಇನ್ನೂ ಯೋಚ್ನೆ ಮಾಡ್ತಿದೀನಿ. ಅದೇನು ಅಂಥ ದೊಡ್ಡ ಲ್ಯಾಬಲ್ಲ."

"ಹಂಗಾ? ಮತ್ತೆ ಶನಿವಾರ ಎರಡೂ ಕಡೆ ಹೋಗಿ ನೋಡ್ಕೊಂಡ್ ಬರೋಣ ಬಾ. ಅಲ್ಲಿ ಕೆಲಸ ಮಾಡೋರ ಜೊತೆ ಒಂದ್ ಕಾಫಿ ಕುಡಿದ್ರೆ ಎಲ್ಲಾ ಗೊತ್ತಾಗತ್ತೆ."

ರಮಾಳ ಪಕ್ಕ ನಿಂತುಕೊಂಡು ವೆಂಕಟರಾಮಯ್ಯನವರ ಲ್ಯಾಬಿನ ಬಾಗಿಲು ತಟ್ಟುವುದೆ? ಅವಳು ಪಟಪಟನೆ ಉತ್ತರ ಹೇಳುವುದು, ಇವಳು ಗೋಡೆ ನೋಡುವುದು! ಶನಿವಾರ ಚೈತ್ರಳಿಗೆ ತಲೆನೋವು ಬಂತು. ರಮಾ ಒಬ್ಬಳೇ ಬಸ್ಸು ಹತ್ತಿ ಹೋಗಿದ್ದನ್ನು ಬಾಲ್ಕನಿಯಲ್ಲಿ ನಿಂತು ನೋಡಿದಳು. ಬಸ್ಸು ಕೆಟ್ಟು ನಿಲ್ಲಲಿ ಎಂದೂ ಒಂದು ಸಲ ಅನ್ನಿಸಿತು.

ಅಂಜಿನಮ್ಮನಿಗೆ ಮೊಮ್ಮಗಳ ಮುಖ ನೋಡಿಯೇ ತಿಳಿಯಿತು. "ಅದ್ಯಾವುದೋ ಆರಿಸ್ಕೊಬೇಕು ಅಂತಿದ್ದಲ್ಲ ಮಗ, ಅದ್ಕೆ ಇಂಗಿದ್ದೀಯಾ? ನಡಿ, ಅಮ್ಮನ್ನ ಕೇಳಾನ."

ಅಮ್ಮ ಎಂದರೆ ಊರಮ್ಮ ಪಟಾಲಮ್ಮ. ಕೆರೆ ಏರಿಯ ಕೆಳಗಿನ ಆ ಪುಟ್ಟ ಗುಡಿಯಲ್ಲಿ ಹೂ ಕೇಳದೆ ಈ ಮನೆಯವರು ಒಂದು ಕೆಲಸಕ್ಕೂ ಕೈ ಹಾಕಿದವರಲ್ಲ. ಅಮ್ಮನ ಮೈಗೆ ಒದ್ದೆ ಹೂ ಅಂಟಿಸಿರುತ್ತಾರೆ. ಮನಸ್ಸಿನಲ್ಲಿ ಕೇಳಿಕೊಂಡು ಕೈ ಮುಗಿದು ಕೂರಬೇಕು. ಬಲಗಡೆಯ ಹೂ ಬಿದ್ದರೆ ಆಗಲಿ ಎಂದು, ಎಡಗಡೆಯದು ಬಿದ್ದರೆ ಬೇಡ ಎಂದು. ಬೋರ್‌ವೆಲ್ ಎಲ್ಲಿ ಕೊರೆಸಬೇಕು, ತೋಟ ಮಾರಬಹುದೆ, ಎಲ್ಲ ಹೀಗೇ ತೀರ್ಮಾನವಾಗಿತ್ತು. ಸಂಶೋಧನೆಯ ಲ್ಯಾಬು ಮಾತ್ರ ಅಮ್ಮನಿಗೂ ಹೊಸದು.

ಪೂಜಾರಿ ಚಿಕ್ಕಹನುಮಯ್ಯ ಮಂಗಳಾರತಿ ಎತ್ತಿ, "ಕೇಳ್ಕೊಳವ್ವ" ಎಂದು ಪಕ್ಕಕ್ಕೆ ಸರಿದರು. ಅಜ್ಜಿ ಗಟ್ಟಿಯಾಗಿ "ನಮ್ಮ ಮಗೀಗೆ ಯಾವ್ದು ಒಳ್ಳೇದೋ ಅದು ಕೊಡು ತಾಯಿ" ಎಂದು ಬೇಡಿಕೊಂಡರು. ಚೈತ್ರಳೂ ಕಣ್ಣು ಮುಚ್ಚಿದಳು. ಯಾವ ಲ್ಯಾಬು ಒಳ್ಳೆಯದು ಎಂದು ಕೇಳಬೇಕೆಂದೇ ಬಂದಿದ್ದಳು. ಕಣ್ಣು ಮುಚ್ಚಿದರೆ ಕಂಡದ್ದು ಗಾಜಿನ ಕಟ್ಟಡದ ಮೆಟ್ಟಿಲು ಹತ್ತುತ್ತಿದ್ದ ರಮಾಳ ಬೆನ್ನು. ಮನಸ್ಸು ತಾನಾಗಿ ಕೇಳಿಕೊಂಡಿತು: ರಮಾಗೆ ಅದು ಸಿಗಬಾರದು ತಾಯಿ.

ಬಲಗಡೆಯ ಭುಜದ ಮೇಲಿದ್ದ ಕೆಂಪು ದಾಸವಾಳ ಜಾರಿ ಬಿತ್ತು.

"ಕೊಟ್ಳು! ಕೊಟ್ಬುಟ್ಳು ನಮ್ಮಮ್ಮ!" ಎಂದು ಅಜ್ಜಿ ಕೆನ್ನೆ ಕೆನ್ನೆ ಬಡಿದುಕೊಂಡು ಹೂವನ್ನು ಮೊಮ್ಮಗಳ ಮುಡಿಗೆ ಸಿಕ್ಕಿಸಿದರು. ಚೈತ್ರಳಿಗೆ ನಾಚಿಕೆಯಾಯಿತು. ನಾಚಿಕೆಗಿಂತ ಒಂದು ತೂಕ ಹೆಚ್ಚು ಖುಷಿಯಾಯಿತು.

ಸೋಮವಾರ ಅವಳು ರಮಾಳಿಗೆ ಕಾಯದೆ ಬೆಳಗ್ಗೆ ಬೇಗನೇ ಸ್ಕೂಟರು ತೆಗೆದಳು. ಗೇಟು ಕಿರ್ ಎನ್ನಬಾರದೆಂದು ಎತ್ತಿ ಹಿಡಿದು ತೆರೆದಳು. ಗೌರಮ್ಮ ಮೇಡಂ ಬರುವ ಮೊದಲೇ ಅವರ ಬಾಗಿಲಲ್ಲಿ ನಿಂತಿದ್ದಳು. ವೆಂಕಟರಾಮಯ್ಯನವರ ಲ್ಯಾಬು ಎಂದಾಗ ಅವರು ಕನ್ನಡಕದ ಮೇಲಿಂದ ನೋಡಿದರು.

"ಅಲ್ಲಮ್ಮ, ಶಾಂತಲಾ ನಿನ್ನನ್ನೇ ಕೇಳ್ತಿದ್ರು?"

"ನಂಗೆ ಕ್ಯಾನ್ಸರಲ್ಲಿ ಇಂಟ್ರೆಸ್ಟ್ ಮೇಡಂ."

ಹೆಸರು ಬರೆದಾಯಿತು. ಅಷ್ಟರಲ್ಲಿ ರಮಾ ಬಂದಳು. ಎರಡು ಬಸ್ಸು ಬದಲಾಯಿಸಿ ಬೆವತುಹೋಗಿದ್ದಳು. ಚೈತ್ರ ಅವಳ ಮುಖವನ್ನೇ ನೋಡುತ್ತ ನಿಂತಳು. ಆ ಮುಖ ಬಾಡುವುದನ್ನು ನೋಡಬೇಕೆಂದೇ ಅವಳು ಬೆಳಗಿನಿಂದ ತಿಂಡಿಯನ್ನೂ ತಿಂದಿರಲಿಲ್ಲ.

ಮುಖ ಬಾಡಲಿಲ್ಲ, ಅರಳಿತು.

"ನೀನು ಅಲ್ಲಿಗಾ? ಹಂಗಾದ್ರೆ ಶಾಂತಲಾ ಮೇಡಂದು ಖಾಲಿ ಇದೆಯಾ ಮೇಡಂ? ನಂಗೆ ಹಾಕಿ, ನಂಗೆ ಹಾಕಿ!" ಎಂದವಳು ಚೈತ್ರಳ ಕಡೆ ತಿರುಗಿದಳು. "ಶನಿವಾರ ಎರಡೂ ಕಡೆ ಹೋಗಿದ್ದೆ ಕಣೇ. ಆ ಗಾಜಿನ ಬಿಲ್ಡಿಂಗಲ್ಲಿ ಸರ್ ಮುಖಾನೇ ಯಾರೂ ನೋಡಿಲ್ವಂತೆ, ಹೋದ್ವರ್ಷ ಬಂದ ಹುಡುಗ ಟ್ಯೂಬಿಗೆ ಚೀಟಿ ಅಂಟಿಸಿ ಅಂಟಿಸಿ ಸಾಕಾಗಿ ಹೋದ ಅಂದ್ರು. ಶಾಂತಲಾ ಮೇಡಂ ಹತ್ರ ಎರಡು ಗಂಟೆ ಕೂತಿದ್ದೆ, ಎದ್ದು ಬರೋಕೇ ಮನ್ಸಿರಲಿಲ್ಲ. ನಿಂಗೆ ಬೇಕೇನೋ ಅಂತ ಸುಮ್ನಿದ್ದೆ. ಎಲ್ಲಾ ನಿನ್ನಿಂದಾನೇ ಕಣೇ, ನೀನು ಅಷ್ಟು ಹೇಳಿರ್ಲಿಲ್ಲ ಅಂದ್ರೆ ನಾನು ಆ ಕಡೆ ತಿರುಗೂ ನೋಡ್ತಿರಲಿಲ್ಲ."

ಗೌರಮ್ಮ ಮೇಡಂ ಪೆನ್ನು ಎತ್ತಿ ಹಿಡಿದು ಚೈತ್ರಳನ್ನು ನೋಡಿದರು. "ಬದಲಾಯಿಸ್ತೀಯೇನಮ್ಮ? ಈಗಲೇ ಹೇಳು, ಆಮೇಲೆ ಆಗಲ್ಲ."

ಹೂಂ ಎಂದಿದ್ದರೆ ಮುಗಿದುಹೋಗುತ್ತಿತ್ತು. ರಮಾ ನಗುತ್ತಲೇ ಬಿಟ್ಟುಕೊಡುತ್ತಿದ್ದಳು. ಅದೇ ತೊಂದರೆ. ಬಿಟ್ಟುಕೊಡುವವಳು ರಮಾ, ತೆಗೆದುಕೊಳ್ಳುವವಳು ತಾನು ಎಂಬುದು ಚೈತ್ರಳ ಗಂಟಲಲ್ಲಿ ಇಳಿಯಲಿಲ್ಲ.

"ಇಲ್ಲ ಮೇಡಂ," ಎಂದಳು. "ನಂಗೆ ಅದೇ ಬೇಕಿತ್ತು."

ಪಟಾಲಮ್ಮ ಮಾತು ಉಳಿಸಿಕೊಂಡಿದ್ದಳು. ರಮಾಳಿಗೆ ಅದು ಸಿಗಲಿಲ್ಲ.

ಆ ಬೇಸಿಗೆ ಚೈತ್ರ ಗಾಜಿನ ಕಟ್ಟಡದ ತಣ್ಣನೆಯ ಕೋಣೆಯಲ್ಲಿ ಟ್ಯೂಬುಗಳಿಗೆ ಚೀಟಿ ಅಂಟಿಸಿದಳು. ವೆಂಕಟರಾಮಯ್ಯನವರನ್ನು ಒಂದು ಸಲ ಲಿಫ್ಟಿನಲ್ಲಿ ನೋಡಿದಳು. ಅವರು ಇವಳನ್ನು ಯಾರದೋ ಮಗಳೆಂದುಕೊಂಡು ನಕ್ಕು ಮೂರನೇ ಮಹಡಿಯಲ್ಲಿ ಇಳಿದುಹೋದರು. ಯಾರಾದರೂ ಕೇಳಿದರೆ ಕ್ಯಾನ್ಸರ್ ಎನ್ನುತ್ತಿದ್ದಳು, ಅವರು ಕಣ್ಣರಳಿಸುತ್ತಿದ್ದರು. ಆ ಸುಖ ಒಂದು ವಾರಕ್ಕೇ ಹಳಸಿತು. ರಮಾ ಎದುರಿಗಿಲ್ಲದೆ ಆ ಲ್ಯಾಬಿಗೆ ಒಂದು ರುಚಿಯೂ ಇರಲಿಲ್ಲ.

ರಮಾ ಮಾತ್ರ ಬಿಸಿಲಲ್ಲಿ ಹಳ್ಳಿ ಹಳ್ಳಿ ಸುತ್ತಿ ಕಪ್ಪಾದಳು. ಸಂಜೆ ಬಂದರೆ ಮೈಯೆಲ್ಲ ಇಂಗು, ಸೀಮೆಎಣ್ಣೆ. ಯಾವುದೋ ತಾತ ಸಾಂಬ್ರಾಣಿ ಮೂಸಿ ಸತ್ತ ಹೆಂಡತಿಯನ್ನು ನೆನೆದು ಅತ್ತದ್ದು, ಯಾವುದೋ ಅಜ್ಜಿ ಸೀಸೆಯನ್ನೇ ಸೆರಗಿಗೆ ಕಟ್ಟಿಕೊಂಡು ಕೊಡದೆ ಹೋದದ್ದು, ಎಲ್ಲವನ್ನೂ ಚೈತ್ರಳಿಗೇ ಬಂದು ಹೇಳಬೇಕು ಅವಳು. ಚೈತ್ರ ನಗುತ್ತಿದ್ದಳು, ಒಳಗೆ ಧಗಧಗ ಉರಿಯುತ್ತಿತ್ತು. ಇಷ್ಟು ವರ್ಷ ರಮಾಳದ್ದಕ್ಕೆ ಉರಿದದ್ದು ಒಂದು ಲೆಕ್ಕ, ಈಗ ತನ್ನದಕ್ಕೇ ತಾನು ಉರಿಯಬೇಕಾಗಿ ಬಂದಿತ್ತು.

ಮೇ ತಿಂಗಳ ಒಂದು ಭಾನುವಾರ ರಮಾ ಮೇಲೆ ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತಳು.

"ಚೈತ್ರ, ಜನವರೀಲಿ ಫ್ರೀಜರಲ್ಲಿ ಅವರೆಕಾಯಿ ಇಟ್ಟಿದ್ದೆ ಅಂದಿದ್ಯಲ್ಲ, ಇನ್ನೂ ಇದೆಯಾ? ಅವರೆ ಸೀಸೆ ಒಂದು ಬಾಕಿ. ಈಗೆಲ್ಲೂ ಸಿಗ್ತಿಲ್ಲ."

ಇಲ್ಲ ಎನ್ನಬೇಕೆಂದು ನಾಲಿಗೆಯ ತುದಿಗೆ ಬಂತು. ಅಷ್ಟರಲ್ಲಿ ಅಂಜಿನಮ್ಮ, "ಅದೇನೋ ಗಂಟು ಅವತ್ತಿಂದ ಅಂಗೇ ಅದೆ, ತಗೊಂಡೋಗವ್ವ" ಎಂದು ತಾವೇ ತೆಗೆದುಕೊಟ್ಟರು.

ಮಧ್ಯಾಹ್ನ ಕಳೆದ ಮೇಲೆ ಕೆಳಗಿನಿಂದ ಅಜ್ಜಿಯ ನಗು ಕೇಳಿಸಿತು. ಚೈತ್ರ ಮೆಟ್ಟಿಲಿಳಿದು ಬಂದಳು. ಅಜ್ಜಿ ಅಂಗಳದ ಕಲ್ಲಿನ ಮೇಲೆ ಕಣ್ಣು ಮುಚ್ಚಿಕೊಂಡು ಕೂತಿದ್ದರು. ರಮಾ ಎದುರಿಗೆ ನೆಲದ ಮೇಲೆ ಕೂತು ಒಂದೊಂದೇ ಸೀಸೆ ಹಿಡಿಯುತ್ತಿದ್ದಳು.

"ಇದೇನಜ್ಜಿ?"

"ಬರೀ ನೀರಾ?"

ಅದು ಇಂಗು. ರಮಾ ಅದನ್ನು ಮುಚ್ಚಿ ಪಕ್ಕಕ್ಕಿಟ್ಟು, ಹೊಸ ಸೀಸೆಯ ಮುಚ್ಚಳ ತೆರೆದಳು. ಮೆಟ್ಟಿಲ ಮೇಲೆ ನಿಂತ ಚೈತ್ರಳ ಮೂಗಿಗೆ ಅವರೆಯ ಸೊಗಡು ಅಷ್ಟು ದೂರದಿಂದಲೇ ಬಂತು. ಅಜ್ಜಿ ಉಸಿರೆಳೆದರು, ಇನ್ನೊಮ್ಮೆ ಎಳೆದರು.

"ಇದ್ರಲ್ಲಿ ಏನೂ ಇಲ್ವಲ್ಲ ಮಗ. ಖಾಲಿ ಸೀಸೆ."

ರಮಾ ಅಜ್ಜಿಯ ಬಲಗೈಯನ್ನು ತನ್ನ ಕೈಯಲ್ಲಿ ತೆಗೆದುಕೊಂಡು ಮೆಲ್ಲಗೆ ಮಡಿಸಿ ನೋಡಿದಳು. "ನೀನು ಬಲೇ ಚೆನ್ನಾಗಿ ಕೇಳ್ತೀಯ ಕಣವ್ವ," ಎಂದರು ಅಜ್ಜಿ. "ನಮ್ಮುಡುಗಿಗೆ ಟೈಮೇ ಇಲ್ಲ, ಎಷ್ಟ್ ದೊಡ್ಡ ಕೆಲಸ ಅದ್ಕೆ."

ರಮಾ ಎದ್ದು ಮೆಟ್ಟಿಲ ಹತ್ತಿರ ಬಂದಳು. ದನಿ ತಗ್ಗಿಸಿದಳು.

"ಒಂದು ಸೀಸೇನೂ ಗೊತ್ತಾಗ್ಲಿಲ್ಲ ಕಣೇ. ಬರೀ ವಯಸ್ಸಿಗೂ ಹಿಂಗಾಗತ್ತೆ, ಆದ್ರೆ ಕೈ ಬೇರೆ ಬಿಗಿ ಇದೆ. ನ್ಯೂರಾಲಜಿ ಡಾಕ್ಟರ್‌ಗೆ ಬೇಗ ತೋರಿಸ್ಬೇಕು. ಯಾರಿಗೂ ಗೊತ್ತೇ ಆಗಿಲ್ಲ ನೋಡು. ನಾನು ಹೇಳ್ಲಾ ನಿಮ್ಮಪ್ಪಂಗೆ?"

ನಾನು ಹೇಳಲಾ. ತನ್ನ ಅಜ್ಜಿ, ತನ್ನ ಅವರೆ, ತನ್ನ ಸೀಸೆ, ಈಗ ಅಪ್ಪನಿಗೆ ಹೇಳುವವಳೂ ಇವಳೆ? "ಆ ಹುಡುಗಿ ಕಂಡುಹಿಡಿದ್ಲು" ಎಂದು ಅಪ್ಪ ಜೀವಮಾನವಿಡೀ ಹೇಳಬೇಕೆ? ಚೈತ್ರಳಿಗೆ ಸೈರಣೆ ತಪ್ಪಿತು.

"ನೀನೇನು ಹೊಸದಾಗಿ ಕಂಡುಹಿಡಿಯೋದು ಬೇಡ," ಎಂದಳು. "ನಂಗೆ ಜನವರೀಲೇ ಗೊತ್ತಿತ್ತು."

ಹೇಳಿದ ಮೇಲೆ ಆ ಮಾತು ಅವಳ ಕಿವಿಗೂ ಬಿತ್ತು. ರಮಾಳ ಮುಖ ಬಾಡುವುದನ್ನು ನೋಡಲು ಚೈತ್ರ ಎಷ್ಟು ವರ್ಷದಿಂದ ಕಾದಿದ್ದಳೋ. ಅದು ಈಗ ಅವಳ ಕಣ್ಣೆದುರಿಗೇ ಬಾಡಿತು.

"ಜನವರೀಲೇ ಗೊತ್ತಿತ್ತಾ?" ಎಂದಳು ರಮಾ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಅರ್ಥವಾಗದ ಬೆರಗಿತ್ತು. "ಮತ್ತೆ... ಗೊತ್ತಿದ್ದೂ ನೀನು ಆ ಗಾಜಿನ ಬಿಲ್ಡಿಂಗಿಗೆ ಯಾಕೆ ಹೋದೆ?"

ಉತ್ತರ ಚೈತ್ರಳ ಎದುರಿಗೇ ನಿಂತಿತ್ತು, ಬಿಸಿಲಿಗೆ ಕಪ್ಪಾಗಿ, ಕೈಯಲ್ಲಿ ಅವರೆಯ ಸೀಸೆ ಹಿಡಿದುಕೊಂಡು.

ಚೈತ್ರಳ ಪರವಾಗಿ ಉತ್ತರ ಕೊಟ್ಟವರು ಅಂಜಿನಮ್ಮ. ಮೂಗು ಹೋಗಿದ್ದರೂ ಕಿವಿ ಚುರುಕಾಗಿಯೇ ಇತ್ತು. ಕಲ್ಲಿನ ಮೇಲೆ ಕೂತಲ್ಲಿಂದಲೇ, ಇನ್ನೂ ಕಣ್ಣು ಮುಚ್ಚಿಕೊಂಡೇ, ಹೆಮ್ಮೆಯಿಂದ ಹೇಳಿದರು:

"ಅಮ್ಮ ಬಲಗಡೆ ಊ ಕೊಟ್ಳು ಕಣವ್ವ. ಅದ್ಕೇ ಅಲ್ಲಿಗೋದ್ಳು ನಮ್ ಮಗ."